ಓಗೊಡುವ ಯಂತ್ರಗಳು: ಚಿತ್ರದುರ್ಗ ಸೀಮೆಯಲ್ಲಿ ದತ್ತಾಂಶ ರವಾನೆ ಮತ್ತು ದೂರನಿಯಂತ್ರಣ

ದೂರದಲ್ಲಿರುವ ಯಂತ್ರವೊಂದಕ್ಕೆ ತಂತಿಯ ಮೂಲಕವೋ ರೇಡಿಯೋ ಅಲೆಯ ಮೂಲಕವೋ ಅಪ್ಪಣೆ ಕಳಿಸಿ ಅದನ್ನು ನಡೆಸುವ ವಿದ್ಯೆಗೆ ದೂರನಿಯಂತ್ರಣ ಎಂದು ಹೆಸರು. ಆ ಅಪ್ಪಣೆಯನ್ನೂ ಯಂತ್ರದ ಸ್ಥಿತಿಗತಿಯನ್ನೂ ಅಂಕಿಗಳಾಗಿ ಮಾರ್ಪಡಿಸಿ ಸಾಗಿಸುವುದು ದತ್ತಾಂಶ ರವಾನೆ. ಹಲವು ಯಂತ್ರಗಳು ಒಂದೇ ಹಾದಿಯನ್ನು ಹಂಚಿಕೊಂಡು ಹೀಗೆ ಮಾತಾಡಿಕೊಳ್ಳುವ ಏರ್ಪಾಡು ಜಾಲ. ಈ ಮೂರನ್ನೂ ಮಹಾನಗರದ ಕಚೇರಿ, ಕಾರ್ಖಾನೆಗಳ ಸಂಗತಿಯೆಂದು ಬಗೆಯುವುದು ವಾಡಿಕೆ. ಆದರೆ ಕರ್ನಾಟಕದಲ್ಲಿ ಇವು ಮೂರೂ ಬಯಲಿನಲ್ಲೇ ಒಟ್ಟಿಗೆ ಕಾಣಸಿಗುವ ಜಾಗವೊಂದಿದ್ದರೆ ಅದು ಚಿತ್ರದುರ್ಗ ಜಿಲ್ಲೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ತೆಂಗು ಅಡಿಕೆ ತೋಟಗಳಲ್ಲಿ ಸಿಮ್ ಹಾಕಿದ ಸ್ಟಾರ್ಟರ್ ಡಬ್ಬಿಗಳಿವೆ. ದುರ್ಗದ ಸುತ್ತಲಿನ ಗುಡ್ಡಸಾಲಿನ ಮೇಲೆ ಗಾಳಿಯಂತ್ರಗಳಿವೆ. ಚಳ್ಳಕೆರೆಯ ಕಾವಲಿನಿಂದ ಪೈಲಟ್ ಇಲ್ಲದ ವಿಮಾನಗಳು ಏಳುತ್ತವೆ. ಇವನ್ನೆಲ್ಲ ಜೊತೆಯಲ್ಲಿಟ್ಟು ನೋಡಿದಾಗ ಒಂದು ಮಾತು ನಿಚ್ಚಳವಾಗುತ್ತದೆ. ಅಪ್ಪಣೆಯನ್ನು ದೂರಕ್ಕೆ ಕಳಿಸುವುದು ಈ ಕ್ಷೇತ್ರದಲ್ಲಿ ಬೇಗ ಕೈಗೂಡಿದ ಕೆಲಸ. ಕೂಗಿದಾಗ ಯಂತ್ರ 'ಓ' ಎಂದು ಓಗೊಡುವಂತೆ ಮಾಡಿದ್ದೇ ಕಷ್ಟದ, ಮತ್ತು ಮುಖ್ಯವಾದ, ಶೋಧ.

ಯಂತ್ರಗಳಿಗಿಂತ ಮೊದಲು ಈ ಕೆಲಸವನ್ನು ಮನುಷ್ಯನೇ ಮಾಡುತ್ತಿದ್ದ. ಕೆರೆಯ ತೂಬು ಎತ್ತಿ ಇಳಿಸುವ ನೀರುಗಂಟಿಯ ಹೊಣೆಯನ್ನು ಬಿಡಿಸಿ ನೋಡಿದರೆ ಅದರಲ್ಲಿ ನಾಲ್ಕು ಪಾಲುಗಳಿವೆ: ಊರವರ ತೀರ್ಮಾನವನ್ನು ತೂಬಿನವರೆಗೆ ಒಯ್ಯುವುದು, ತೂಬನ್ನು ತೆರೆಯುವುದು, ನೀರು ಎಷ್ಟು ಹರಿಯಿತೆಂದು ಕಣ್ಣಾರೆ ನೋಡುವುದು, ಕಡೆಗದ್ದೆಯವರೆಗೆ ನೀರು ಮುಟ್ಟಿತೆಂದು ಬಂದು ಹೇಳುವುದು. ಕೊನೆಯ ಎರಡು ಪಾಲು ತಪ್ಪಿದರೆ ಮೊದಲಿನ ಎರಡಕ್ಕೆ ಬೆಲೆಯಿಲ್ಲ. ಇದೇ ಸೀಮೆಯ ಇನ್ನೊಂದು ಹಳೆಯ ಏರ್ಪಾಡು ಕೆರೆಯ ಕೋಡಿ. ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ನೀರು ಒಂದು ಮಟ್ಟ ಮುಟ್ಟಿದೊಡನೆ ತಾನಾಗಿ ಹೊರಹರಿಯುತ್ತದೆ. ಹಿರಿಯೂರು ತಾಲ್ಲೂಕಿನಲ್ಲಿ ವೇದಾವತಿಗೆ ಅಡ್ಡಲಾಗಿ 1898ರಲ್ಲಿ ಕಟ್ಟಲಾರಂಭಿಸಿ 1907ರಲ್ಲಿ ಮುಗಿಸಿದ ಮಾರಿಕಣಿವೆಯ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷಗಳ ನಂತರ. ಅಷ್ಟೂ ಕಾಲ ಕಾದಿದ್ದ ಕೋಡಿ ಆ ದಿನ ತನ್ನ ಕೆಲಸವನ್ನು ತಪ್ಪದೆ ಮಾಡಿತು. ತೂಬು ಮತ್ತು ಕೋಡಿ, ಅಂದರೆ ಅಪ್ಪಣೆಗೆ ಕಾಯುವ ಸಾಧನ ಮತ್ತು ತಾನೇ ನಿರ್ಧರಿಸುವ ಸಾಧನ, ಈ ಎರಡು ಮಾದರಿಗಳ ನಡುವೆಯೇ ಇಂದಿನ ಎಲ್ಲ ನಿಯಂತ್ರಣ ಯಂತ್ರಗಳೂ ಬರುತ್ತವೆ.

ಅಪ್ಪಣೆಯನ್ನು ತಂತಿಯಿಲ್ಲದೆ ಕಳಿಸುವುದು ಹತ್ತೊಂಬತ್ತನೆಯ ಶತಮಾನದ ಕೊನೆಗೇ ಸಾಧ್ಯವಾಗಿತ್ತು. ಜಗದೀಶಚಂದ್ರ ಬೋಸ್ ಅವರು 1895ರಲ್ಲಿ ಕೊಲ್ಕತ್ತದಲ್ಲಿ, ಗೋಡೆಗಳಾಚೆಗೆ ಹಾಯ್ದ ವಿದ್ಯುತ್ಕಾಂತ ಅಲೆಯಿಂದ ಗಂಟೆ ಬಾರಿಸಿ, ಮದ್ದಿಗೆ ಕಿಡಿ ಹೊತ್ತಿಸಿ ತೋರಿಸಿದರು. ನಿಕೋಲಾ ಟೆಸ್ಲಾ 1898ರಲ್ಲಿ ನ್ಯೂಯಾರ್ಕಿನಲ್ಲಿ ರೇಡಿಯೋದಿಂದ ನಡೆಯುವ ಪುಟ್ಟ ದೋಣಿಯನ್ನು ಪ್ರದರ್ಶಿಸಿದರು. ಎರಡರಲ್ಲೂ ಸುದ್ದಿ ಹೋದದ್ದು ಒಂದೇ ದಿಕ್ಕಿಗೆ. ಗಂಟೆ ಬಾರಿಸಿತೆಂಬುದನ್ನು ಕಿವಿ, ದೋಣಿ ತಿರುಗಿತೆಂಬುದನ್ನು ಕಣ್ಣು ಹೇಳಬೇಕಿತ್ತು. ಕಣ್ಣಿಗೆ ಕಾಣದಷ್ಟು ದೂರದ ಯಂತ್ರವನ್ನು ನಂಬಿ ನಡೆಸಲು ಇನ್ನೂ ಹಲವು ದಶಕ ಹಿಡಿಯಿತು. ರಿಚರ್ಡ್ ಹ್ಯಾಮಿಂಗ್ 1950ರಲ್ಲಿ ಪ್ರಕಟಿಸಿದ ಸಂಕೇತವಿಧಾನ, ದಾರಿಯಲ್ಲಿ ಕೆಟ್ಟ ಅಂಕಿಯನ್ನು ಮುಟ್ಟಿದ ಕಡೆಯಲ್ಲೇ ಗುರುತಿಸಿ ತಿದ್ದಲು ನೆರವಾಯಿತು. 1960ರ ದಶಕದಲ್ಲಿ ಪಾಲ್ ಬರನ್ ಮತ್ತು ಡೊನಾಲ್ಡ್ ಡೇವಿಸ್ ಬೇರೆಬೇರೆಯಾಗಿ, ಸಂದೇಶವನ್ನು ತುಂಡುಗಳಾಗಿ ಕಟ್ಟಿ ಕಳಿಸುವ ಉಪಾಯ ಕಂಡುಕೊಂಡರು. 1969ರ ಅಕ್ಟೋಬರ್ 29ರಂದು ಅರ್ಪಾನೆಟ್‌ನಲ್ಲಿ ಮೊದಲ ಸಂದೇಶ ಸಾಗಿತು. 1974ರಲ್ಲಿ ವಿಂಟ್ ಸರ್ಫ್ ಮತ್ತು ಬಾಬ್ ಕಾನ್ ರೂಪಿಸಿದ ನಿಯಮಾವಳಿಯ ಜೀವಾಳವೇ ಸ್ವೀಕೃತಿ: ತುಂಡು ತಲುಪಿತೆಂದು ಆ ಕಡೆಯಿಂದ 'ಓ' ಬರುವವರೆಗೆ ಈ ಕಡೆಯ ಕಂಪ್ಯೂಟರು ಅದನ್ನು ಕೈಬಿಡುವುದಿಲ್ಲ, ಬಾರದಿದ್ದರೆ ಮತ್ತೆ ಕಳಿಸುತ್ತದೆ. ಇಂದಿನ ಇಂಟರ್‌ನೆಟ್‌ನ ಹೆಚ್ಚಿನ ಸಂಚಾರ ನಿಂತಿರುವುದು ಕೂಗು, ಓಗೊಡುವಿಕೆಗಳ ಈ ಲೆಕ್ಕಾಚಾರದ ಮೇಲೆಯೇ.

ಇವುಗಳ ನಡುವೆ ಚಿತ್ರದುರ್ಗದ ರೈತನಿಗೆ ಎಲ್ಲಕ್ಕಿಂತ ಹತ್ತಿರವಾದದ್ದು ಹವಾಯಿ ದ್ವೀಪಗಳ ಒಂದು ಶೋಧ. 1971ರಲ್ಲಿ ಹವಾಯಿ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್‌ಸನ್ ಮತ್ತು ಸಂಗಡಿಗರು ದ್ವೀಪದಿಂದ ದ್ವೀಪಕ್ಕೆ ರೇಡಿಯೋದಿಂದ ದತ್ತಾಂಶ ಕಳಿಸುವ ಅಲೋಹಾ ಜಾಲವನ್ನು ಕಟ್ಟಿದರು. ಮಾತು ಕಳಿಸಲು ಎಲ್ಲ ದ್ವೀಪಗಳಿಗೂ ಇದ್ದದ್ದು ಒಂದೇ ಅಲೆ. ಇಬ್ಬರು ಒಮ್ಮೆಗೇ ಕೂಗಿದರೆ ಇಬ್ಬರ ಮಾತೂ ಕೆಡುತ್ತಿತ್ತು. ಇದಕ್ಕೆ ಅವರು ಕಂಡ ಪರಿಹಾರ ಸರಳ: 'ಓ' ಬಾರದಿದ್ದರೆ ಮಾತು ಕೆಟ್ಟಿತೆಂದು ತಿಳಿ, ಗೊತ್ತುಗುರಿಯಿಲ್ಲದಷ್ಟು ಹೊತ್ತು ಕಾದು ಮತ್ತೆ ಕೂಗು. ಒಬ್ಬೊಬ್ಬರು ಬೇರೆಬೇರೆ ಹೊತ್ತು ಕಾಯುವುದರಿಂದ ಎರಡನೆಯ ಸಲ ಡಿಕ್ಕಿಯಾಗುವ ಸಂಭವ ಕಡಿಮೆ. ಯಾರೂ ಸರದಿ ಹಂಚದಿದ್ದರೂ ಎಲ್ಲರ ಮಾತೂ ಸಾಗುತ್ತದೆ. ಮೊಬೈಲ್ ಫೋನೊಂದು ಟವರನ್ನು ಮೊದಲ ಸಲ ಕೂಗುವಾಗ ಬಳಸುವುದು ಇದೇ ಉಪಾಯದ ತಿದ್ದಿದ ರೂಪವನ್ನು. ಹೊಸದುರ್ಗದ ತೋಟದ ಮೂಲೆಯ, ಸಿಮ್ ಹಾಕಿದ ಡಬ್ಬಿ ಕೂಡ ಇದಕ್ಕೆ ಹೊರತಲ್ಲ.

ಆ ಡಬ್ಬಿ ಅಲ್ಲಿಗೆ ಬಂದ ಕಾರಣವನ್ನು ಹೇಳಬೇಕು. ಈ ತಾಲ್ಲೂಕುಗಳ ಬೇಸಾಯ ಬಹುಮಟ್ಟಿಗೆ ಬೋರಿನ ನೀರಿನದು. ಬೋರಿನ ಮೋಟರಿಗೆ ತ್ರೀ ಫೇಸ್ ಕರೆಂಟ್ ಬೇಕು. ಅದು ಪಾಳಿಯ ಮೇಲೆ ಬರುತ್ತದೆ, ಹಲವು ಸಲ ನಟ್ಟಿರುಳಿನಲ್ಲಿ. ಮನೆ ಊರಿನಲ್ಲಿ, ತೋಟ ಮೈಲಿಯಾಚೆ. ನಡುವೆ ಹಾವು, ಕರಡಿಗಳ ಭಯ. ಇದಕ್ಕೆ ರೈತರು ಮೊದಲು ಕಂಡುಕೊಂಡ ದಾರಿ ಆಟೋ ಸ್ಟಾರ್ಟರ್. ಮೂರೂ ಫೇಸ್ ಬಂದೊಡನೆ ಅದು ತಾನೇ ಮೋಟರನ್ನು ಎತ್ತುತ್ತದೆ. ಕೋಡಿಯ ಜಾತಿಯ ಸಾಧನವಿದು. ಒಂಟಿಯಾಗಿದ್ದಾಗ ಚೆನ್ನಾಗಿಯೇ ದುಡಿಯುತ್ತದೆ. ಆದರೆ ಒಂದೇ ಟಿ.ಸಿ.ಯ, ಅಂದರೆ ಟ್ರಾನ್ಸ್‌ಫಾರ್ಮರಿನ, ಕೆಳಗೆ ಇಪ್ಪತ್ತು ಬೋರುಗಳಿದ್ದು, ಇಪ್ಪತ್ತಕ್ಕೂ ಆಟೋ ಹಾಕಿದ್ದರೆ, ಕರೆಂಟ್ ಬಂದ ಗಳಿಗೆಯಲ್ಲಿ ಇಪ್ಪತ್ತು ಮೋಟರುಗಳೂ ಒಟ್ಟಿಗೆ ಏಳುತ್ತವೆ. ಏಳುವ ಹೊತ್ತಿನಲ್ಲಿ ಮೋಟರು ಎಳೆಯುವ ಕರೆಂಟ್ ಓಡುವಾಗಿನದಕ್ಕಿಂತ ಹಲವು ಪಟ್ಟು ಹೆಚ್ಚು. ವೋಲ್ಟೇಜ್ ಕುಸಿಯುತ್ತದೆ, ಫ್ಯೂಸ್ ಹೋಗುತ್ತದೆ, ಕಡೆಗೆ ಟಿ.ಸಿ.ಯೇ ಸುಡುತ್ತದೆ. ಹವಾಯಿಯಲ್ಲಿ ಮಾತುಗಳು ಡಿಕ್ಕಿ ಹೊಡೆದಂತೆ ಇಲ್ಲಿ ಮೋಟರುಗಳು ಡಿಕ್ಕಿ ಹೊಡೆಯುತ್ತವೆ, ಮತ್ತು ಮದ್ದು ಕೂಡ ಒಂದೇ: ಕರೆಂಟ್ ಬಂದ ಮೇಲೆ ಒಂದೊಂದು ಸ್ಟಾರ್ಟರೂ ಬೇರೆಬೇರೆ ಹೊತ್ತು ಕಾದು ಏಳುವಂತೆ ಅದಕ್ಕೊಂದು ಟೈಮರ್ ಇಡುವುದು. ಕಂಪ್ಯೂಟರ್ ಜಾಲದ ಸಿದ್ಧಾಂತ ಮತ್ತು ಹೊಲದ ಅನುಭವ ಇಷ್ಟು ನೇರವಾಗಿ ಸಂಧಿಸುವ ಇನ್ನೊಂದು ಉದಾಹರಣೆ ಸಿಗುವುದು ಕಷ್ಟ.

ಆಟೋ ಸ್ಟಾರ್ಟರಿನ ದೊಡ್ಡ ಕೊರತೆ ಅದು ಮೂಕವಾಗಿರುವುದು. ಬೋರಿನಲ್ಲಿ ನೀರು ನಿಂತರೂ ಅದು ಮೋಟರನ್ನು ಓಡಿಸುತ್ತಲೇ ಇರುತ್ತದೆ. ನೂರಾರು ಅಡಿ ಆಳದಲ್ಲಿ ಮುಳುಗಿರುವ ಸಬ್‌ಮರ್ಸಿಬಲ್ ಮೋಟರು ತಂಪಾಗುವುದು ಸುತ್ತಲಿನ ನೀರಿನಿಂದಲೇ. ನೀರಿಲ್ಲದೆ ಓಡಿದರೆ ಕಾಯಿಲ್ ಸುಡುತ್ತದೆ. ಮೋಟರನ್ನು ಮೇಲೆತ್ತಿಸಿ, ರೀವೈಂಡಿಂಗ್ ಮಾಡಿಸಿ, ಮತ್ತೆ ಇಳಿಸುವ ಖರ್ಚು ಸಣ್ಣ ರೈತನ ಒಂದು ಬೆಳೆಯ ಲಾಭವನ್ನೇ ನುಂಗಬಲ್ಲದು. ಮೊಬೈಲ್ ಸ್ಟಾರ್ಟರ್ ಬದಲಿಸಿದ್ದು ಇದನ್ನು. ಪುಣೆಯ ಎಂಜಿನಿಯರ್ ಸಂತೋಷ್ ಓಸ್ತ್ವಾಲ್ ರೂಪಿಸಿದ 'ನ್ಯಾನೋ ಗಣೇಶ್' ಈ ಬಗೆಯ ಭಾರತೀಯ ಸಾಧನಗಳಲ್ಲಿ ಮೊದಮೊದಲಿನದು. ಆಮೇಲೆ ಬೆಂಗಳೂರಿನಲ್ಲೂ ಬೇರೆಡೆಗಳಲ್ಲೂ ಅನೇಕ ತಯಾರಿಕೆಗಳು ಬಂದವು. ಡಬ್ಬಿಯೊಳಗಿನ ಸಿಮ್ಮಿಗೆ ಫೋನ್ ಮಾಡಿ ಒಂದು ಗುಂಡಿ ಒತ್ತಿದರೆ ಮೋಟರು ಆನ್, ಇನ್ನೊಂದು ಒತ್ತಿದರೆ ಆಫ್. ಗುಂಡಿ ಒತ್ತಿದಾಗ ಕೇಳುವುದು ಎರಡು ಸ್ವರಗಳ ಜೋಡಿ; ಅಮೆರಿಕದ ಬೆಲ್ ಕಂಪನಿ 1963ರಲ್ಲಿ ಗುಂಡಿ ಟೆಲಿಫೋನಿಗಾಗಿ ಬಳಕೆಗೆ ತಂದ ಪದ್ಧತಿಯದು. ಊರು ಬಿಡದ ರೈತನ ಕೈಯಲ್ಲಿರುವ ಅತಿ ಅಗ್ಗದ ಫೋನಿನಿಂದಲೂ ಆ ಸ್ವರ ಹೊರಡುತ್ತದೆ. ಸ್ಮಾರ್ಟ್‌ಫೋನ್ ಬೇಕಿಲ್ಲ, ಡೇಟಾ ಪ್ಯಾಕ್ ಬೇಕಿಲ್ಲ, ಓದು ಬರಹವೂ ಬೇಕಿಲ್ಲ. ಇಷ್ಟಾಗಿ ಡಬ್ಬಿಯ ಹಿರಿಮೆ ಇರುವುದು ಅದು ಕೇಳಿಸಿಕೊಳ್ಳುವುದರಲ್ಲಿ ಅಲ್ಲ, ಹೇಳುವುದರಲ್ಲಿ. ಮೋಟರು ಎಳೆಯುವ ಕರೆಂಟನ್ನು ಅದು ಸದಾ ಅಳೆಯುತ್ತಿರುತ್ತದೆ. ನೀರು ನಿಂತರೆ ಪಂಪಿನ ಹೊರೆ ಇಳಿದು ಆಂಪ್ಸ್ ಕಡಿಮೆಯಾಗುತ್ತದೆ; ಡಬ್ಬಿ ಮೋಟರನ್ನು ನಿಲ್ಲಿಸಿ 'ಡ್ರೈ ರನ್' ಎಂದು ಫೋನಿಗೆ ತಿಳಿಸುತ್ತದೆ. ಒಂದು ಫೇಸ್ ಹೋದರೆ ಅದನ್ನೂ ಹೇಳುತ್ತದೆ. ಮನೆಯಲ್ಲಿ ಮಲಗಿದವನಿಗೆ ತೋಟದ ಸುದ್ದಿ ಬರುವುದು ಹೀಗೆ.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. ಸಿಮ್ ಯೂರೋಪಿನದು, ಸ್ವರ ಅಮೆರಿಕದ್ದು, ಡಬ್ಬಿ ಪುಣೆಯದೋ ಬೆಂಗಳೂರಿನದೋ, ಇದರಲ್ಲಿ ಚಿತ್ರದುರ್ಗದ್ದೆನ್ನುವುದೇನಿದೆ? ಶೋಧವೆಂದರೆ ಬಿಡಿಭಾಗದ ಪೇಟೆಂಟ್ ಎಂದು ತಿಳಿದವರಿಗೆ ಈ ಆಕ್ಷೇಪ ಸರಿಯೆನಿಸಬಹುದು. ಆದರೆ ಇತಿಹಾಸ ಬೇರೆ ಹೇಳುತ್ತದೆ. ಅಲೋಹಾ ಜಾಲ ಹುಟ್ಟಿದ್ದು ಹವಾಯಿಗೆ ದ್ವೀಪಗಳ ನಡುವೆ ತಂತಿ ಎಳೆಯುವುದು ದುಬಾರಿಯಾದ್ದರಿಂದ. ಒಂದು ಪ್ರದೇಶದ ತೊಡಕೇ ಅಲ್ಲಿಯ ಸಾಧನದ ರೂಪವನ್ನು ನಿರ್ಧರಿಸಿತು. ಪಾಳಿಯ ಕರೆಂಟ್, ಕುಸಿಯುವ ವೋಲ್ಟೇಜ್, ಬತ್ತುವ ಬೋರು, ಇರುಳಿನ ದಾರಿ, ಈ ನಾಲ್ಕೂ ಕೂಡಿದ ಒಣಸೀಮೆಯಲ್ಲದೆ ಇಂಥ ಡಬ್ಬಿಗೆ ಬೇಡಿಕೆಯೇ ಇರುತ್ತಿರಲಿಲ್ಲ. ಅದಕ್ಕೆ ಏನೇನು ಹೇಳಲು ಬರಬೇಕೆಂದು ಕಲಿಸಿದ್ದು ಇಂಥ ಸೀಮೆಗಳ ಸುಟ್ಟ ಮೋಟರುಗಳು.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಮೋಟರು ಹಾಕುವುದು ಸುಲಭವಾದಷ್ಟೂ ನೀರೆತ್ತುವುದು ಹೆಚ್ಚುತ್ತದೆ. ಜಿಲ್ಲೆಯ ಹೆಚ್ಚಿನ ತಾಲ್ಲೂಕುಗಳು ಈಗಾಗಲೇ ಅಂತರ್ಜಲದ ಅತಿಬಳಕೆಯ ಪಟ್ಟಿಯಲ್ಲಿವೆ. ಹೀಗಿರುವಾಗ ಈ ಸಾಧನವನ್ನು ಹೊಗಳುವುದು ಸರಿಯೇ? ಇದನ್ನು ತಳ್ಳಿಹಾಕುವಂತಿಲ್ಲ. ಒಂದು ಸಮಾಧಾನವಿದೆ: ಮೂಕ ಆಟೋ ಸ್ಟಾರ್ಟರ್ ಕರೆಂಟ್ ಇರುವಷ್ಟು ಹೊತ್ತೂ ನೀರೆತ್ತುತ್ತಿತ್ತು, ತೋಟ ತುಂಬಿ ಹರಿದರೂ ನಿಲ್ಲುತ್ತಿರಲಿಲ್ಲ, ಮೊಬೈಲ್ ಸ್ಟಾರ್ಟರನ್ನು ಮನೆಯಿಂದಲೇ ನಿಲ್ಲಿಸಬಹುದು. ಆದರೆ ನಿಲ್ಲಿಸಲು ರೈತನಿಗೆ ಕಾರಣ ಬೇಕಲ್ಲ. ಕರ್ನಾಟಕದಲ್ಲಿ 10 ಎಚ್.ಪಿ.ವರೆಗಿನ ನೀರಾವರಿ ಪಂಪ್‌ಸೆಟ್ಟುಗಳಿಗೆ ಕರೆಂಟ್ ಉಚಿತ. ಬಿಲ್ಲು ಕೂಡ ಒಂದು ಬಗೆಯ ಓಗೊಡುವಿಕೆಯೇ: ಎಷ್ಟು ಬಳಸಿದೆ ಎಂದು ಅದು ತಿಂಗಳಿಗೊಮ್ಮೆ ಹೇಳುತ್ತದೆ. ಅದಿಲ್ಲದ ಕಡೆ ಡಬ್ಬಿ ಮೋಟರಿನ ಕ್ಷೇಮವನ್ನಷ್ಟೇ ಹೇಳುತ್ತದೆ. ನೆಲದೊಳಗಿನ ನೀರಿನ ಕ್ಷೇಮವನ್ನು ರೈತನಿಗೆ ಹೇಳುವವರಿಲ್ಲ. ಹಾಗಾಗಿ ದೋಷವಿರುವುದು ಸಾಧನ ಮಾತಾಡುವುದರಲ್ಲಲ್ಲ, ಅದರ ಮಾತು ಅರ್ಧಕ್ಕೇ ನಿಂತಿರುವುದರಲ್ಲಿ.

ಕಾಲುವೆಯ ನೀರಿನಲ್ಲಿ ಆ ಮಾತು ಪೂರ್ತಿಯಾದ ಉದಾಹರಣೆ ಕರ್ನಾಟಕದಲ್ಲೇ ಇದೆ. ಕೃಷ್ಣೆಯ ನಾರಾಯಣಪುರ ಎಡದಂಡೆ ಕಾಲುವೆಯ ಗೇಟುಗಳನ್ನು ಸ್ಕಾಡಾ ಎಂಬ ಮೇಲ್ವಿಚಾರಣಾ ವ್ಯವಸ್ಥೆಯಿಂದ ನಡೆಸುವ ಯೋಜನೆ 2023ರ ಜನವರಿ 19ರಂದು ಯಾದಗಿರಿ ಜಿಲ್ಲೆಯ ಕೊಡೇಕಲ್ಲಿನಲ್ಲಿ ಲೋಕಾರ್ಪಣೆಗೊಂಡಿತು. ಅದರ ಅಚ್ಚುಕಟ್ಟು 4.5 ಲಕ್ಷ ಹೆಕ್ಟೇರ್. ಅಲ್ಲಿ ಗೇಟು ಎತ್ತುವ ಯಂತ್ರವೇ ಹರಿವನ್ನು ಅಳೆದು ಕೇಂದ್ರಕ್ಕೆ ತಿಳಿಸುತ್ತದೆ. ಅಳತೆ ಮತ್ತು ಅಪ್ಪಣೆ ಒಂದೇ ಮೈಯಲ್ಲಿ ಕೂಡಿದ್ದರಿಂದ, ಕಾಲುವೆಯ ಕೊನೆಯವನಿಗೆ ನೀರು ಮುಟ್ಟಿತೋ ಇಲ್ಲವೋ ಎಂಬ ಹಳೆಯ ಜಗಳಕ್ಕೆ ಅಂಕಿಯ ಸಾಕ್ಷಿ ದೊರೆಯಿತು. ಚಿತ್ರದುರ್ಗ ಜಿಲ್ಲೆ ಕಾಯುತ್ತಿರುವ ಭದ್ರಾ ಮೇಲ್ದಂಡೆ ಯೋಜನೆಗೆ ಈ ಪಾಠ ಇನ್ನೂ ಹೆಚ್ಚು ಬೇಕು. ಅದರಲ್ಲಿ ತುಂಗೆಯಿಂದ ಭದ್ರೆಗೆ, ಭದ್ರೆಯಿಂದ ಮೇಲಕ್ಕೆ ನೀರನ್ನು ಪಂಪಿನಿಂದ ಎತ್ತಬೇಕು. 2,25,515 ಹೆಕ್ಟೇರಿಗೆ ಉಣಿಸಬೇಕಾದದ್ದು ಹರಿನೀರಾಗಿ ಅಲ್ಲ, ಡ್ರಿಪ್ ಮೊದಲಾದ ಸೂಕ್ಷ್ಮ ನೀರಾವರಿಯಾಗಿ. ಹರಿಗಾಲುವೆಯಲ್ಲಿ ಸೋರಿದ ನೀರು ಕಣ್ಣಿಗೆ ಬೀಳುತ್ತದೆ. ನೆಲದಡಿಯ ಪೈಪಿನಲ್ಲಿ ಒತ್ತಡ ಇಳಿದದ್ದು ಕಾಣುವುದಿಲ್ಲ. ಅಲ್ಲಿ ವಾಲ್ವ್ ತಾನೇ ವರದಿ ಮಾಡದಿದ್ದರೆ ಇಡೀ ಬ್ಲಾಕು ಒಣಗುವವರೆಗೆ ಯಾರಿಗೂ ತಿಳಿಯದು. ಯಂತ್ರ ಬಂದರೆ ನೀರುಗಂಟಿಯ ಅನ್ನ ಹೋಗುತ್ತದೆ ಎನ್ನುವವರಿದ್ದಾರೆ. ಆದರೆ ವರದಿ ಬಂದಾಗ ಹಾರೆ ಹಿಡಿದು ಪೈಪಿನ ಬಳಿಗೆ ಹೋಗುವವನು ಮನುಷ್ಯನೇ ಆಗಿರಬೇಕು. ನೆಲ ಬಲ್ಲ ನೀರುಗಂಟಿಗೆ ಆ ಕೆಲಸವನ್ನು ಸಂಬಳ ಸಹಿತ ಕೊಡುವುದು ಯೋಜನೆಯವರ ಹೊಣೆ.

ಗಾಳಿಯಂತ್ರಗಳ ವಿಷಯವನ್ನು ಚಿಕ್ಕದಾಗಿ ಹೇಳಬಹುದು. ದುರ್ಗದ ಬಳಿಯ ಜೋಗಿಮಟ್ಟಿ ಗುಡ್ಡಸಾಲಿನಲ್ಲಿ ತಿರುಗುವ ಒಂದೊಂದು ಯಂತ್ರವೂ ಗಾಳಿಯ ದಿಕ್ಕು, ವೇಗಗಳನ್ನು ಅಳೆದು ತಲೆಯನ್ನು ತಾನೇ ಹೊರಳಿಸಿಕೊಳ್ಳುತ್ತದೆ. ಗಾಳಿ ಮಿತಿಮೀರಿದರೆ ತಾನೇ ನಿಲ್ಲುತ್ತದೆ. ಇಷ್ಟರಮಟ್ಟಿಗೆ ಅದು ಕೋಡಿಯಂತೆ ಸ್ವತಂತ್ರ. ಆದರೆ ಗ್ರಿಡ್ಡಿನಲ್ಲಿ ಉತ್ಪಾದನೆ ಮತ್ತು ಬಳಕೆ ಗಳಿಗೆಗಳಿಗೆ ಸರಿದೂಗಬೇಕಾದ್ದರಿಂದ ಅದರ ಸುದ್ದಿ ಬೆಂಗಳೂರಿನ ಲೋಡ್ ಡಿಸ್ಪ್ಯಾಚ್ ಕೇಂದ್ರಕ್ಕೆ ಮುಟ್ಟುತ್ತಿರಬೇಕು. ದಿನವನ್ನು 15 ನಿಮಿಷದ 96 ಬ್ಲಾಕುಗಳಾಗಿ ಒಡೆದು, ಯಾವ ಬ್ಲಾಕಿನಲ್ಲಿ ಎಷ್ಟು ಕರೆಂಟ್ ಬರುತ್ತದೆಂದು ಮುಂಗಡ ಹೇಳುವ ಪದ್ಧತಿ ನಡೆಯುವುದು ಗುಡ್ಡದ ಮೇಲಿನಿಂದ ಬರುವ ಈ ಅಂಕಿಗಳ ಬಲದಿಂದಲೇ.

ಅಪ್ಪಣೆ ಮತ್ತು ಓಗೊಡುವಿಕೆಯ ಸಂಬಂಧ ಅತ್ಯಂತ ಬಿಗಿಯಾಗಿ ಕಾಣುವುದು ಚಳ್ಳಕೆರೆ ತಾಲ್ಲೂಕಿನ ವೈಮಾನಿಕ ಪರೀಕ್ಷಾ ವಲಯದಲ್ಲಿ. ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯ ಈ ನೆಲೆಯಿಂದ ರುಸ್ತುಂ–2 ಮೊದಲು ಹಾರಿದ್ದು 2016ರ ನವೆಂಬರ್‌ನಲ್ಲಿ. ಅದಕ್ಕೆ ತಪಸ್ ಎಂಬ ಹೆಸರೂ ಇದೆ. 2023ರ ಜೂನ್ 16ರ ಬೆಳಗ್ಗೆ 7.35ಕ್ಕೆ ತಪಸ್ ಇಲ್ಲಿಂದ ಎದ್ದು, 285 ಕಿ.ಮೀ. ದೂರದ ಕಾರವಾರದ ಕಡೆಗೆ ಹೊರಟಿತು. ಕಾರವಾರದಿಂದ 148 ಕಿ.ಮೀ. ಆಚೆ ಸಮುದ್ರದಲ್ಲಿ ಐ.ಎನ್.ಎಸ್. ಸುಭದ್ರಾ ಹಡಗು ಕಾದಿತ್ತು. ವಿಮಾನ ಹಾರುತ್ತಿದ್ದ ಎತ್ತರ 20,000 ಅಡಿ. ನೇರದಾರಿಯ ರೇಡಿಯೋ ಅಲೆ ಭೂಮಿಯ ದುಂಡಗಿನ ಮೈಯಿಂದಾಗಿ ಆ ಎತ್ತರಕ್ಕೆ ಹೆಚ್ಚೆಂದರೆ ಸುಮಾರು 320 ಕಿ.ಮೀ. ಮುಟ್ಟಬಲ್ಲದು, ಮೇಲಿನ ಎರಡು ದೂರಗಳನ್ನು ಕೂಡಿಸಿದರೆ 430 ಕಿ.ಮೀ. ಮೀರುತ್ತದೆ. ಆದ್ದರಿಂದ ನಡುವೆ ಎಲ್ಲೋ ಒಂದು ಕಡೆ ಲಗಾಮು ಕೈಬದಲಾಗಬೇಕಿತ್ತು. ಹಡಗು 40 ನಿಮಿಷ ತಪಸ್ಸನ್ನು ತನ್ನ ಹತೋಟಿಯಲ್ಲಿ ಹಾರಿಸಿತು. ಮೂರೂವರೆ ಗಂಟೆಯ ಹಾರಾಟ ಮುಗಿಸಿ ವಿಮಾನ ಮರಳಿ ಚಿತ್ರದುರ್ಗದಲ್ಲೇ ಇಳಿಯಿತು. ಕೈಬದಲಾಗುವ ಆ ಕ್ಷಣ ಸೂಕ್ಷ್ಮವಾದದ್ದು. ವಿಮಾನಕ್ಕೆ ಒಂದು ಗಳಿಗೆಯೂ ಇಬ್ಬರು ಒಡೆಯರಿರಕೂಡದು, ಒಡೆಯನಿಲ್ಲದೆಯೂ ಇರಕೂಡದು. ಹಡಗು 'ಹಿಡಿದೆ' ಎನ್ನಬೇಕು, ವಿಮಾನ ಅದನ್ನು ಒಪ್ಪಿದೆ ಎನ್ನಬೇಕು, ನೆಲದ ಕೇಂದ್ರ ಆಮೇಲೆ ಬಿಡಬೇಕು. ಹಿರಿಯೂರಿನಿಂದ ದುರ್ಗಕ್ಕೆ ಹೋಗುವ ಬಸ್ಸಿನಲ್ಲಿ ಮಾತಾಡುತ್ತ ಕೂತವರ ಫೋನು ಒಂದು ಟವರಿನಿಂದ ಇನ್ನೊಂದಕ್ಕೆ ದಾಟುವಾಗಲೂ ನಡೆಯುವುದು ಇದೇ ಬಗೆಯ ಒಪ್ಪಂದ. ಅಲ್ಲಿ ತಪ್ಪಿದರೆ ಕರೆ ಕಡಿಯುತ್ತದೆ, ಇಲ್ಲಿ ತಪ್ಪಿದರೆ ವಿಮಾನ ಕೈಬಿಟ್ಟುಹೋಗುತ್ತದೆ. ಅದೇ ವರ್ಷದ ಆಗಸ್ಟ್ 20ರಂದು ಪರೀಕ್ಷಾ ಹಾರಾಟದಲ್ಲಿದ್ದ ತಪಸ್ ಒಂದು ಹಿರಿಯೂರು ತಾಲ್ಲೂಕಿನ ವದ್ದಿಕೆರೆಯ ಹೊಲದಲ್ಲಿ ಬಿದ್ದಿತು. ಎಷ್ಟೇ ಬಿಗಿಯಾದ ಏರ್ಪಾಡಿಗೂ ಸೋಲಿನ ಸಾಧ್ಯತೆ ಇದ್ದೇ ಇರುತ್ತದೆಂಬುದಕ್ಕೆ, ಮತ್ತು ಇಂಥ ಪರೀಕ್ಷೆಯ ಆಕಾಶದ ಕೆಳಗೆ ಜನರ ಹೊಲಮನೆಗಳಿವೆ ಎಂಬುದಕ್ಕೆ, ಅದು ಸಾಕ್ಷಿ.

ಹಾಗಾದರೆ ಯಂತ್ರಕ್ಕೆ ಸ್ವಂತ ಬುದ್ಧಿ ಕೊಟ್ಟು, ಮಾತುಕತೆಯ ಗೊಡವೆಯನ್ನೇ ಬಿಡಬಾರದೇಕೆ ಎಂಬುದು ಮೂರನೆಯ ಆಕ್ಷೇಪ. ಅದಕ್ಕೆ ಉದಾಹರಣೆಯೂ ಇದೇ ನೆಲದಲ್ಲಿದೆ. 2023ರ ಏಪ್ರಿಲ್ 2ರಂದು ಇಸ್ರೋದ ಮರುಬಳಕೆಯ ಉಡಾವಣಾ ವಾಹನವನ್ನು ಚಿನೂಕ್ ಹೆಲಿಕಾಪ್ಟರು ಸುಮಾರು 4.5 ಕಿ.ಮೀ. ಎತ್ತರಕ್ಕೆ ಒಯ್ದು ಬಿಟ್ಟಿತು. ವಾಹನ ತಾನಾಗಿ ಓಡುದಾರಿಯನ್ನು ಹುಡುಕಿಕೊಂಡು ಬಂದು ಇಳಿಯಿತು. 2024ರ ಮಾರ್ಚ್ 22 ಮತ್ತು ಜೂನ್ 23ರಂದು, ಬೇಕೆಂದೇ ದಾರಿ ತಪ್ಪಿಸಿ ಬಿಟ್ಟರೂ, ಮತ್ತೆರಡು ಸಲ ಇಳಿದು ತೋರಿಸಿತು. ಗಂಟೆಗೆ 320 ಕಿ.ಮೀ. ಮೀರಿದ ವೇಗದಲ್ಲಿ ನೆಲ ಮುಟ್ಟುವ ವಾಹನವನ್ನು ನೆಲದಲ್ಲಿ ಕೂತವನು ಕೈಯಿಂದ ನಡೆಸುವುದು ಬಲು ಕಷ್ಟ ಎಂಬುದು ನಿಜ. ಆದರೆ ಆ ಸ್ವಂತ ಬುದ್ಧಿ ಮೌನದಲ್ಲಿ ಕೆಲಸ ಮಾಡಲಿಲ್ಲ. ನಾವಿಕ್ ಉಪಗ್ರಹಗಳ ಸಂಕೇತ, ನೆಲದ ಮೇಲೆ ನೆಟ್ಟು ಉಪಗ್ರಹದಂತೆ ಸಂಕೇತ ಬೀರುವ ಸ್ಯೂಡೋಲೈಟ್ ಕೇಂದ್ರಗಳು, ತನ್ನದೇ ಅಲೆ ನೆಲಕ್ಕೆ ತಾಗಿ ಮರಳುವುದನ್ನು ಅಳೆಯುವ ರೇಡಾರ್ ಎತ್ತರಮಾಪಕ, ಇವೆಲ್ಲ ಅದಕ್ಕೆ ಕ್ಷಣಕ್ಷಣವೂ 'ನೀನು ಇಲ್ಲಿದ್ದೀಯೆ' ಎಂದು ಹೇಳುತ್ತಿದ್ದವು. ಎತ್ತರಮಾಪಕದಲ್ಲಂತೂ ನೆಲವೇ ಓಗೊಡುತ್ತದೆ. ಸ್ವತಂತ್ರ ಯಂತ್ರಕ್ಕೆ ಬೇಡವಾದದ್ದು ಅಪ್ಪಣೆ ಮಾತ್ರ. ಮರುಸುದ್ದಿ ಅದಕ್ಕೆ ಇನ್ನೂ ಹೆಚ್ಚು ಬೇಕು.

ಪರೀಕ್ಷಾ ವಲಯ ನಿಂತಿರುವ 4,290 ಎಕರೆ, ಊರಿನ ದನಕುರಿಗಳು ಮೇಯುತ್ತಿದ್ದ ಅಮೃತಮಹಲ್ ಕಾವಲು. ಅದನ್ನು ಬೇಲಿ ಹಾಕಿ ಮುಚ್ಚಿದ್ದರ ವಿರುದ್ಧ ಸುತ್ತಲಿನ ಹಳ್ಳಿಯವರು ಹೋರಾಡಿದರು. ವಿವಾದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ಯಂತ್ರಗಳ ಶೋಧವನ್ನು ಮೆಚ್ಚುವ ಲೇಖನ ಇದನ್ನು ಮುಚ್ಚಿಡಲಾಗದು. ಜನರ ನೆಲದ ಬಗ್ಗೆ ತೀರ್ಮಾನ ಮಾಡುವ ಮುನ್ನ ಅವರ ಮಾತನ್ನು ಕೇಳಿಸಿಕೊಳ್ಳದೆ ಹೋದದ್ದು ತಪ್ಪೇ.

ಕೇಳಿಸಿಕೊಳ್ಳುವ ಸಾಧನಗಳಿಗೇನೂ ಈಗ ಕೊರತೆಯಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ನಿಂತು ಮಳೆಯ ಲೆಕ್ಕವನ್ನು 15 ನಿಮಿಷಕ್ಕೊಮ್ಮೆ ಬೆಂಗಳೂರಿಗೆ ಕಳಿಸುತ್ತಿವೆ. ಅಟಲ್ ಭೂಜಲ ಯೋಜನೆ ಜಾರಿಗೊಂಡ ರಾಜ್ಯದ 14 ಜಿಲ್ಲೆಗಳಲ್ಲಿ ಚಿತ್ರದುರ್ಗವೂ ಒಂದು. ಬೋರಿನ ನೀರಿನ ಮಟ್ಟವನ್ನು ತಾವೇ ಅಳೆದು ಕಳಿಸುವ ಸಾಧನಗಳು ಆ ಯೋಜನೆಯ ಅಂಗ. ಮೋಟರಿನ ಡಬ್ಬಿ ಹೇಳಲಾರದ ಉಳಿದರ್ಧ ಮಾತು ಈ ಸಾಧನಗಳಲ್ಲಿದೆ. ಆದರೆ ಅದು ಮುಟ್ಟುತ್ತಿರುವುದು ಕಚೇರಿಯ ಕಂಪ್ಯೂಟರನ್ನು. ಗುಂಡಿ ಒತ್ತುವ ಕೈ ಇರುವುದು ತೋಟದ ಮನೆಯಲ್ಲಿ. ಅಂತರ್ಜಲ ನಿರ್ದೇಶನಾಲಯ, ವಿದ್ಯುತ್ ಕಂಪನಿ ಬೆಸ್ಕಾಂ ಮತ್ತು ಸ್ಟಾರ್ಟರ್ ತಯಾರಕರು ಕೂಡಿ ಒಂದು ಕೆಲಸ ಮಾಡಬೇಕು: ರೈತ ಮೋಟರು ಹಾಕಲು ಫೋನ್ ಮಾಡಿದಾಗ, 'ಮೋಟರು ಆನ್ ಆಗಿದೆ' ಎಂಬ ದನಿಯ ಬೆನ್ನಿಗೇ, ಅವನ ಊರಿನ ನೀರು ಇಂದು ಎಷ್ಟು ಅಡಿಗೆ ಇಳಿದಿದೆ ಎಂಬುದನ್ನೂ ಕನ್ನಡದಲ್ಲಿ ಹೇಳಿಸಬೇಕು.